ಸಿಂಗಪುರದ ಹಾಕರ್ ಅಂಗಡಿಯಲ್ಲಿ ಲಕ್ಸಾ ತಿನ್ನುವುದು ಹೇಗೆ: ಹೊಸಬರಿಗೆ ಹಂತ ಹಂತದ ಮಾರ್ಗದರ್ಶಿ

ಸಿಂಗಪುರಕ್ಕೆ ಪ್ರವಾಸ ಹೊರಡುವವರೂ ಕೆಲಸಕ್ಕೆಂದು ಹೋಗಿ ಅಲ್ಲಿ ಹೊಸದಾಗಿ ನೆಲೆಸುವವರೂ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಅಲ್ಲಿನ ಹಾಕರ್ ಸೆಂಟರ್‌ಗಳಲ್ಲಿ ಸಿಗುವ ಲಕ್ಸಾ ಎಂಬ ಖಾರದ ತೆಂಗಿನಹಾಲಿನ ನೂಡಲ್ಸನ್ನು ಎಲ್ಲಿ ತಿನ್ನಬೇಕು, ಹೇಗೆ ಕೇಳಿ ಪಡೆಯಬೇಕು, ಅದರಲ್ಲಿ ಏನೇನು ಬೆರೆತಿರುತ್ತದೆ, ಸಸ್ಯಾಹಾರಿಗಳು ಅದನ್ನು ತಿನ್ನಬಹುದೇ ಎಂಬುದೇ ಆ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಕ್ರಮವಾಗಿ ಹೇಳುವ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಹಾಕರ್ ಸೆಂಟರ್ ಎಂದರೆ ಒಂದೇ ಸೂರಿನಡಿ ಹತ್ತಾರು ಸಣ್ಣ ಆಹಾರದ ಅಂಗಡಿಗಳೂ ನಡುವೆ ಎಲ್ಲರಿಗೂ ಸೇರಿದ ಮೇಜು-ಕುರ್ಚಿಗಳೂ ಇರುವ, ಗೋಡೆಗಳಿಲ್ಲದ ತೆರೆದ ಕಟ್ಟಡ. ಬೀದಿಬದಿಯಲ್ಲಿ ತಳ್ಳುಗಾಡಿ ಇಟ್ಟು ಅಡುಗೆ ಮಾರುತ್ತಿದ್ದವರನ್ನು ನಲ್ಲಿ ನೀರು, ಚರಂಡಿ, ವಿದ್ಯುತ್ ಇರುವ ಜಾಗಕ್ಕೆ ತರಲೆಂದು ಸಿಂಗಪುರ ಸರ್ಕಾರ 1971ರಿಂದ 1986ರವರೆಗೆ ಇಂತಹ ಕೇಂದ್ರಗಳನ್ನು ಕಟ್ಟಿಸಿ ಅವರಿಗೆ ಅಂಗಡಿಗಳನ್ನು ಹಂಚಿತು. ಇಂದು ಊರಿನಲ್ಲಿ ನೂರಕ್ಕೂ ಹೆಚ್ಚು ಕೇಂದ್ರಗಳಿವೆ. ಈ ಹಾಕರ್ ಸಂಸ್ಕೃತಿಯನ್ನು 2020ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಡಿಗಳಲ್ಲಿ ಬಹಳಷ್ಟು ಕುಟುಂಬದವರೇ ನಡೆಸುವಂತಹವು. ತಂದೆ ಸಾರಿನ ಪಾತ್ರೆಯ ಮುಂದೆ, ತಾಯಿ ಹಣದ ಡಬ್ಬಿಯ ಬಳಿ, ಮಗನೋ ಮಗಳೋ ಬಟ್ಟಲು ಜೋಡಿಸುವ ಕಡೆ ನಿಂತಿರುವುದು ಸಾಮಾನ್ಯ ದೃಶ್ಯ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಮೂರು ಜನ ನಿಂತು ನಡೆಸುವ ಅಂಗಡಿಯಲ್ಲಿ ಯಾವುದನ್ನು ಬದಲಿಸಿಕೊಡಲು ಸಾಧ್ಯ, ಯಾವುದನ್ನು ಸಾಧ್ಯವಿಲ್ಲ ಎಂಬುದರ ಮೇಲೆಯೇ ಮುಂದಿನ ಹಂತಗಳೆಲ್ಲ ನಿಂತಿವೆ.

ಬಟ್ಟಲಿನಲ್ಲಿ ಏನಿರುತ್ತದೆ?

ಲಕ್ಸಾ ಪೆರಾನಕನ್ ಸಮುದಾಯದ ಅಡುಗೆ. ಶತಮಾನಗಳ ಹಿಂದೆ ಮಲಯ ಜಗತ್ತಿನ ಬಂದರುಗಳಲ್ಲಿ ನೆಲೆಸಿದ ಚೀನೀ ವರ್ತಕರು ಸ್ಥಳೀಯ ಕುಟುಂಬಗಳೊಡನೆ ಬೆರೆತು ರೂಪುಗೊಂಡ ಸಮುದಾಯವನ್ನು ಪೆರಾನಕನ್ ಎನ್ನುತ್ತಾರೆ. ಚೀನೀಯರ ನೂಡಲ್ಸ್, ಮಲಯದ ಮಸಾಲೆ, ತೆಂಗಿನಹಾಲು ಈ ಮೂರೂ ಒಂದೇ ಬಟ್ಟಲಿನಲ್ಲಿ ಸೇರಿರುವುದು ಇದೇ ಕಾರಣದಿಂದ.

ಇದರ ಆಧಾರ ರೆಂಪಾ, ಅಂದರೆ ರುಬ್ಬಿದ ಹಸಿ ಮಸಾಲೆ. ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಅರಿಸಿನ, ಮಜ್ಜಿಗೆ ಹುಲ್ಲು, ಶುಂಠಿಯ ಜಾತಿಗೇ ಸೇರಿದ ಗಲಾಂಗಲ್ ಗೆಡ್ಡೆ, ಸಾರನ್ನು ಮಂದವಾಗಿಸುವ ಕ್ಯಾಂಡಲ್‌ನಟ್ ಎಂಬ ಎಣ್ಣೆಬೀಜ ಇವಿಷ್ಟನ್ನೂ ಬೆಲಾಚಾನ್ ಜೊತೆ ರುಬ್ಬುತ್ತಾರೆ. ಬೆಲಾಚಾನ್ ಎಂದರೆ ಸಣ್ಣ ಸಿಗಡಿಗಳನ್ನು ಉಪ್ಪಿನಲ್ಲಿ ಹುದುಗಿಸಿ ಒಣಗಿಸಿದ, ಕಟುವಾಸನೆಯ ಗಟ್ಟಿ ಮುದ್ದೆ. ರುಬ್ಬಿದ ಮಸಾಲೆಯನ್ನು ಎಣ್ಣೆ ಬಿಟ್ಟು ಮೇಲೆ ತೇಲುವವರೆಗೆ ಸಣ್ಣ ಉರಿಯಲ್ಲಿ ಬಾಡಿಸುವುದೇ ಇಡೀ ಅಡುಗೆಯಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಕೆಲಸ. ಹಸಿವಾಸನೆ ಉಳಿದರೆ ಮುಂದೆ ಎಷ್ಟು ತೆಂಗಿನಹಾಲು ಸುರಿದರೂ ಅದು ಮರೆಯಾಗುವುದಿಲ್ಲ. ಆಮೇಲೆ ಒಣ ಸಿಗಡಿಯ ಪುಡಿ, ಸಿಗಡಿಯ ತಲೆ-ಸಿಪ್ಪೆ ಕುದಿಸಿ ತೆಗೆದ ನೀರು ಅಥವಾ ಮೂಳೆಯ ಸಾರು, ಕೊನೆಗೆ ತೆಂಗಿನಹಾಲು ಸೇರುತ್ತವೆ. ತೆಂಗಿನಹಾಲು ಬಿದ್ದ ಮೇಲೆ ಸಾರು ಕೊತಕೊತ ಕುದಿಯಬಾರದು, ಕುದಿದರೆ ಒಡೆಯುತ್ತದೆ. ಹಾಗಾಗಿ ಇಡೀ ದಿನ ಪಾತ್ರೆಯನ್ನು ಕುದಿಯ ಅಂಚಿನಲ್ಲೇ ಹಿಡಿದಿಟ್ಟಿರುತ್ತಾರೆ.

ಬಟ್ಟಲಿಗೆ ಮೊದಲು ಬೀಳುವುದು ದಪ್ಪ ಬೀ ಹೂನ್, ಅಂದರೆ ಅಕ್ಕಿಯಿಂದ ಮಾಡಿದ ಬಿಳಿಯ ದಪ್ಪ ನೂಡಲ್ಸ್. ಅದರ ಮೇಲೆ ಮೊಳಕೆ ಕಾಳಿನ ಎಳೆಗಳು, ತಾವ್ ಪೊಕ್ ಎಂಬ ಕರಿದ ಟೋಫು, ಮೀನಿನ ಹಿಟ್ಟಿನಿಂದ ಮಾಡಿದ ಫಿಶ್ ಕೇಕ್ ಹೋಳುಗಳು, ಸಿಗಡಿ, ಹಮ್ ಎಂಬ ಚಿಪ್ಪುಜೀವಿ ಬರುತ್ತವೆ. ಕೆಲವೆಡೆ ಬೇಯಿಸಿದ ಮೊಟ್ಟೆಯೂ ಇರುತ್ತದೆ. ಕೊನೆಗೆ ಸಣ್ಣಗೆ ಹೆಚ್ಚಿದ ಲಕ್ಸಾ ಎಲೆ ಉದುರಿಸಿ ಒಂದು ಚಮಚ ಸಂಬಲ್ ಇಡುತ್ತಾರೆ. ಸಂಬಲ್ ಎಂದರೆ ಎಣ್ಣೆಯಲ್ಲಿ ಬಾಡಿಸಿದ ಮೆಣಸಿನಕಾಯಿ ಚಟ್ನಿ. ಲಕ್ಸಾ ಎಲೆಯನ್ನು ಮಲಯ ಭಾಷೆಯಲ್ಲಿ ದಾವುನ್ ಕೆಸುಮ್ ಎನ್ನುತ್ತಾರೆ. ಕೊತ್ತಂಬರಿಗೂ ನಿಂಬೆಸಿಪ್ಪೆಗೂ ನಡುವಿನ ತೀಕ್ಷ್ಣ ಪರಿಮಳ ಅದರದು. ನನ್ನ ಮಟ್ಟಿಗೆ ಈ ಎಲೆ ಇಲ್ಲದ ಲಕ್ಸಾ ಎಷ್ಟೇ ಚೆನ್ನಾಗಿದ್ದರೂ ಅಪೂರ್ಣ.

ಹೊರಡುವ ಮುನ್ನ

ಸಣ್ಣ ನೋಟುಗಳಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಕ್ಯೂಆರ್ ಪಾವತಿ ಬಹುತೇಕ ಅಂಗಡಿಗಳಲ್ಲಿ ಇದ್ದರೂ ಅದು ಹೆಚ್ಚಾಗಿ ಸಿಂಗಪುರದ ಬ್ಯಾಂಕ್ ಖಾತೆ ಇರುವವರಿಗೆ ಅನುಕೂಲವಾಗುವಂಥದ್ದು, ಮತ್ತು ಕ್ರೆಡಿಟ್ ಕಾರ್ಡನ್ನು ಅನೇಕ ಹಾಕರ್‌ಗಳು ತೆಗೆದುಕೊಳ್ಳುವುದಿಲ್ಲ. ಒಂದು ಬಟ್ಟಲಿಗೆ ಸಾಮಾನ್ಯವಾಗಿ 4ರಿಂದ 8 ಸಿಂಗಪುರ ಡಾಲರ್ ಇರುತ್ತದೆ. ಟಿಪ್ಸ್ ಕೊಡುವ ರೂಢಿ ಇಲ್ಲ. ಕೈ ಒರೆಸುವ ಕಾಗದವನ್ನು ಅಂಗಡಿಯವರು ಕೊಡುವುದಿಲ್ಲವಾದ್ದರಿಂದ ಒಂದು ಟಿಶ್ಯೂ ಪೊಟ್ಟಣ ಜೇಬಿನಲ್ಲಿರಲಿ. ಅದಕ್ಕೆ ಇನ್ನೊಂದು ಉಪಯೋಗವೂ ಇದೆ, ಮೂರನೇ ಹಂತದಲ್ಲಿ ಹೇಳುತ್ತೇನೆ. ಎಣ್ಣೆಗೆಂಪು ಬಣ್ಣದ ಈ ಸಾರು ಬಟ್ಟೆಗೆ ಸಿಡಿದರೆ ಕಲೆ ಸುಲಭವಾಗಿ ಹೋಗದು, ತಿಳಿಬಣ್ಣದ ಅಂಗಿ ಬೇಡ.

ಹಂತ 1: ನಿಮಗೆ ಯಾವ ಲಕ್ಸಾ ಬೇಕೆಂದು ನಿರ್ಧರಿಸಿ

ಲಕ್ಸಾ ಎಂಬ ಒಂದೇ ಹೆಸರಿನಲ್ಲಿ ಪರಸ್ಪರ ಸಂಬಂಧವೇ ಇಲ್ಲವೆನಿಸುವಷ್ಟು ಭಿನ್ನವಾದ ಅಡುಗೆಗಳಿವೆ. ಸಿಂಗಪುರದಲ್ಲಿ ಯಾವ ವಿಶೇಷಣವೂ ಇಲ್ಲದೆ ಲಕ್ಸಾ ಎಂದರೆ ತೆಂಗಿನಹಾಲಿನದೇ. ಆದರೆ ಫಲಕದ ಮೇಲೆ ಪಿನಾಂಗ್ ಲಕ್ಸಾ ಅಥವಾ ಅಸ್ಸಾಂ ಲಕ್ಸಾ ಎಂದಿದ್ದರೆ ಅದರಲ್ಲಿ ತೆಂಗಿನಹಾಲು ಇರುವುದಿಲ್ಲ. ಅದು ಹುಣಸೆಹುಳಿ ಹಾಕಿ ಬಂಗುಡೆ ಜಾತಿಯ ಮೀನನ್ನು ಬೇಯಿಸಿ ಬಿಡಿಸಿದ ಹುಳಿಸಾರು. ಇಲ್ಲಿನ ಅಸ್ಸಾಂ ಎಂಬ ಮಲಯ ಪದಕ್ಕೂ ನಮ್ಮ ಈಶಾನ್ಯದ ರಾಜ್ಯಕ್ಕೂ ಸಂಬಂಧವಿಲ್ಲ. ಸರಾವಾಕ್ ಲಕ್ಸಾದಲ್ಲಿ ತೆಂಗಿನಹಾಲು ಇದ್ದರೂ ನೂಡಲ್ಸ್ ಸಣ್ಣದು, ಮೇಲೆ ಆಮ್ಲೆಟ್ಟಿನ ಎಳೆಗಳಿರುತ್ತವೆ. ಮೊದಲ ಸಲ ತಿನ್ನುವವರು ಸಿಂಗಪುರದ ಸಾಮಾನ್ಯ ಲಕ್ಸಾದಿಂದಲೇ ಆರಂಭಿಸಿದರೆ ಮುಂದಿನ ಹೋಲಿಕೆಗಳಿಗೆ ಒಂದು ಅಳತೆಗೋಲು ಸಿಗುತ್ತದೆ.

ಸಿಂಗಪುರದೊಳಗೇ ಇನ್ನೊಂದು ಭೇದವಿದೆ. ಪೂರ್ವ ಭಾಗದ ಕಾಟಾಂಗ್ ಎಂಬ ಹಳೆಯ ಪೆರಾನಕನ್ ಬಡಾವಣೆಯ ಹೆಸರು ಹೊತ್ತ ಕಾಟಾಂಗ್ ಲಕ್ಸಾದಲ್ಲಿ ನೂಡಲ್ಸನ್ನು ಮೊದಲೇ ತುಂಡರಿಸಿರುತ್ತಾರೆ. ಚಾಪ್‌ಸ್ಟಿಕ್ ಕೊಡುವುದಿಲ್ಲ, ಚಮಚದಲ್ಲೇ ತಿನ್ನಬೇಕು. ಚಾಪ್‌ಸ್ಟಿಕ್ ಹಿಡಿಯಲು ಬಾರದವರಿಗೂ ಮಕ್ಕಳಿಗೂ ಇದೇ ಸುಲಭ.

ಹಂತ 2: ಅಂಗಡಿಯನ್ನೂ ಹೊತ್ತನ್ನೂ ಆರಿಸಿ

ಕಾಟಾಂಗ್ ಶೈಲಿಯನ್ನು ಅದರ ಊರಿನಲ್ಲೇ ತಿನ್ನಬೇಕೆಂದರೆ ಈಸ್ಟ್ ಕೋಸ್ಟ್ ರಸ್ತೆಗೆ ಹೋಗಿ. 2024ರ ಜೂನ್‌ನಲ್ಲಿ ಮರೀನ್ ಪರೇಡ್ ಮೆಟ್ರೋ ನಿಲ್ದಾಣ ತೆರೆದ ಮೇಲೆ ಈ ಪ್ರದೇಶವನ್ನು ತಲುಪುವುದು ಸುಲಭವಾಗಿದೆ. 328 ಕಾಟಾಂಗ್ ಲಕ್ಸಾ ಎಂಬ ಹೆಸರಿನ ಅಂಗಡಿ ಇಲ್ಲಿಯದೇ. ಹಳೆಯ ರೀತಿಯ, ತುಸು ತೆಳುವಾದ ಸಾರು ಇಷ್ಟವಾಗುವವರು ಜಲಾನ್ ಬೆಸಾರ್ ಬಳಿಯ ಜಲಾನ್ ಬರ್ಸೆ ರಸ್ತೆಯ ಸುಂಗೈ ರೋಡ್ ಲಕ್ಸಾವನ್ನು ನೋಡಬೇಕು. 1956ರಲ್ಲಿ ಆರಂಭವಾದ ಈ ಅಂಗಡಿಯನ್ನು ಕುಟುಂಬದ ಮುಂದಿನ ತಲೆಮಾರು ನಡೆಸುತ್ತಿದ್ದು, ಸಾರನ್ನು ಇಂದಿಗೂ ಇದ್ದಿಲ ಒಲೆಯ ಮೇಲೆ ಬಿಸಿಯಾಗಿಡುವುದಕ್ಕೆ ಹೆಸರುವಾಸಿಯಾಗಿದೆ. ಇದು ಇರುವುದು ಹಾಕರ್ ಸೆಂಟರ್‌ನಲ್ಲಲ್ಲ, ಕೊಪಿಟಿಯಂನಲ್ಲಿ. ಕಾಫಿ-ಟೀ ಮಾರುವ ಯಜಮಾನ ಉಳಿದ ಜಾಗವನ್ನು ಬೇರೆ ಬೇರೆ ಅಡುಗೆಯವರಿಗೆ ಬಾಡಿಗೆಗೆ ಕೊಟ್ಟಿರುವ ಹಳೆಯ ಬಗೆಯ ಕಾಫಿ ಅಂಗಡಿಯನ್ನು ಕೊಪಿಟಿಯಂ ಎನ್ನುತ್ತಾರೆ. ಆದರೆ ಹೆಸರಾಂತ ಅಂಗಡಿಗಳನ್ನೇ ಹುಡುಕಿ ಹೋಗಬೇಕಾದ ಅಗತ್ಯವಿಲ್ಲ. ನೀವು ಉಳಿದುಕೊಂಡಿರುವ ಬಡಾವಣೆಯ ಹಾಕರ್ ಸೆಂಟರ್‌ನಲ್ಲಿ, ಅಕ್ಕಪಕ್ಕದ ವಸತಿ ಸಮುಚ್ಚಯದ ವಯಸ್ಸಾದವರು ಸರದಿಯಲ್ಲಿ ನಿಂತಿರುವ ಲಕ್ಸಾ ಅಂಗಡಿ ಕಂಡರೆ ನಿಶ್ಚಿಂತೆಯಿಂದ ನಿಲ್ಲಿ. ಲಕ್ಸಾ ಒಂದನ್ನೇ ಅಥವಾ ಅದರೊಂದಿಗೆ ಒಂದೆರಡು ಪದಾರ್ಥವನ್ನಷ್ಟೇ ಮಾರುವ ಅಂಗಡಿಯನ್ನು, ಇಪ್ಪತ್ತು ಬಗೆಯ ಚಿತ್ರಗಳನ್ನು ಅಂಟಿಸಿಕೊಂಡ ಅಂಗಡಿಗಿಂತ ಹೆಚ್ಚು ನಂಬಬಹುದೆಂಬುದು ನನ್ನ ಅಭಿಪ್ರಾಯ.

ಹೊತ್ತಿನ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಕೆಲಸದ ದಿನಗಳಲ್ಲಿ ಮಧ್ಯಾಹ್ನ 12ರಿಂದ 1.30ರವರೆಗೆ ಕಚೇರಿಯವರ ನೂಕುನುಗ್ಗಲಿರುತ್ತದೆ. ಆಗ ನಿಂತು ನಾಲ್ಕು ಪ್ರಶ್ನೆ ಕೇಳುವುದು ನಿಮಗೂ ಕಷ್ಟ, ಹಿಂದಿನವರಿಗೂ ಕಷ್ಟ. ಹಾಗೆಂದು ಸಂಜೆಗೆ ಮುಂದೂಡಿದರೆ ಬಾಗಿಲು ಮುಚ್ಚಿರಬಹುದು, ಏಕೆಂದರೆ ಕುಟುಂಬದ ಅಂಗಡಿಗಳು ಬೆಳಗಿನ ಜಾವ ಮಾಡಿಟ್ಟ ಸಾರು ಮುಗಿದ ಕೂಡಲೇ ದಿನದ ವ್ಯಾಪಾರ ಮುಗಿಸುತ್ತವೆ. ಬೆಳಿಗ್ಗೆ 10.30ರಿಂದ 11.30ರ ನಡುವೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಎರಡನೆಯದಾಗಿ, ಪ್ರತಿ ಅಂಗಡಿಗೂ ವಾರದ ರಜೆ ಬೇರೆ ಬೇರೆ, ಇಡೀ ಕೇಂದ್ರವೇ ಸ್ವಚ್ಛತೆಗಾಗಿ ಆಗಾಗ ಮುಚ್ಚುವುದೂ ಉಂಟು. ದೂರದಿಂದ ಹೋಗುವವರು ಹೊರಡುವ ದಿನವೇ ವಿಚಾರಿಸಿಕೊಳ್ಳಬೇಕು.

ಹಂತ 3: ಮೊದಲು ಜಾಗ ಹಿಡಿಯಿರಿ

ಸರದಿಯಲ್ಲಿ ನಿಲ್ಲುವ ಮುನ್ನ ಖಾಲಿ ಕುರ್ಚಿಯ ಮುಂದೆ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟು ಬನ್ನಿ. ಇದನ್ನು ಅಲ್ಲಿಯವರು ಚೋಪ್ ಮಾಡುವುದು ಎನ್ನುತ್ತಾರೆ. ಬೇರೆಯವರ ಪೊಟ್ಟಣವೋ ಕೊಡೆಯೋ ಇರುವ ಮೇಜಿನಲ್ಲಿ ನೀವು ಕುಳಿತುಕೊಳ್ಳಬೇಡಿ. ಪರ್ಸ್, ಮೊಬೈಲ್, ಪಾಸ್‌ಪೋರ್ಟ್ ಇರುವ ಚೀಲವನ್ನು ಈ ಕೆಲಸಕ್ಕೆ ಬಳಸಬಾರದು. ದೊಡ್ಡ ಕೇಂದ್ರಗಳಲ್ಲಿ ಮೇಜಿನ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಕೆಲವು ಅಂಗಡಿಯವರು ಅದನ್ನು ಕೇಳಿ ಬಟ್ಟಲನ್ನು ತಂದುಕೊಡುತ್ತಾರೆ. ಅಪರಿಚಿತರೊಡನೆ ಒಂದೇ ಮೇಜು ಹಂಚಿಕೊಳ್ಳುವುದು ಸಹಜ.

ಹಂತ 4: ಏನು ಬಿಡಿಸಬಹುದು, ಏನು ಬಿಡಿಸಲಾಗದು ಎಂದು ತಿಳಿದು ಕೇಳಿ

ಹೆಚ್ಚಿನ ತಪ್ಪುಗಳು ಇಲ್ಲೇ ಆಗುತ್ತವೆ, ಆದ್ದರಿಂದ ಈ ಹಂತವನ್ನು ಗಮನವಿಟ್ಟು ಓದಿ.

ಅಂಗಡಿಯಲ್ಲಿರುವವರನ್ನು ವಯಸ್ಸಿಗೆ ತಕ್ಕಂತೆ ಅಂಕಲ್, ಆಂಟಿ ಎಂದು ಕರೆಯುವುದು ಅಲ್ಲಿಯ ಮರ್ಯಾದೆ. ಹಾಕರ್‌ಗಳಲ್ಲಿ ಹಲವರು ಅರವತ್ತು ದಾಟಿದವರು, ಎಲ್ಲರಿಗೂ ಇಂಗ್ಲಿಷ್ ಸಲೀಸಲ್ಲ. ಆದ್ದರಿಂದ ಉದ್ದ ವಾಕ್ಯಗಳಿಗಿಂತ ಚಿಕ್ಕ ಮಾತುಗಳು ಮೇಲು. ಗಾತ್ರ ಹೇಳಿ, ಆಮೇಲೆ ಬೇಡವಾದುದನ್ನು ಹೇಳಿ. ಹಮ್ ಬೇಡವಾದರೆ "ನೋ ಹಮ್", ಸಂಬಲ್ ಕಡಿಮೆ ಬೇಕಾದರೆ "ಲೆಸ್ ಚಿಲ್ಲಿ" ಎಂದರೆ ಸಾಕು. ದಪ್ಪ ಬೀ ಹೂನ್ ಬದಲಿಗೆ ಸಣ್ಣದನ್ನೋ ಹಳದಿ ಗೋಧಿ ನೂಡಲ್ಸನ್ನೋ ಕೊಡುವ ಅಂಗಡಿಗಳೂ ಇವೆ. ಹಳದಿ ನೂಡಲ್ಸ್ ಗೋಧಿಯದಾದ್ದರಿಂದ ಗ್ಲುಟೆನ್ ಆಗದವರು ಅದನ್ನು ದೂರವಿಡಬೇಕು.

ಹಮ್ ಕುರಿತು ಒಂದು ಮಾತು. ಇದು ನಮ್ಮ ಕರಾವಳಿಯ ಮರುವಾಯಿಯಂತೆ ಎರಡು ಚಿಪ್ಪಿನ ಜೀವಿ. ಆದರೆ ಇದರ ರಸ ರಕ್ತದಂತೆ ಕೆಂಪಾಗಿರುತ್ತದೆ, ಮತ್ತು ಇದನ್ನು ಬಿಸಿನೀರಿನಲ್ಲಿ ಕೆಲವೇ ಕ್ಷಣ ಅದ್ದಿ ಅರೆಬೆಂದಂತೆಯೇ ಬಡಿಸುವುದು ರೂಢಿ. ಹೀಗೆ ಅರೆಬೆಂದ ಚಿಪ್ಪುಜೀವಿಗಳಿಂದ ಹೆಪಟೈಟಿಸ್ ಎ ಮುಂತಾದ ಸೋಂಕು ತಗಲುವ ಸಾಧ್ಯತೆ ಇರುವುದರಿಂದ ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ವೃದ್ಧರು ಮತ್ತು ಚಿಕ್ಕ ಮಕ್ಕಳು ಇದನ್ನು ತಿನ್ನದಿರುವುದೇ ಲೇಸು.

ಮೇಲೆ ಹಾಕುವ ಪದಾರ್ಥಗಳನ್ನು ಬಿಡಿಸಬಹುದು, ಆದರೆ ಪಾತ್ರೆಯಲ್ಲಿರುವ ಸಾರನ್ನು ಬದಲಿಸಲು ಯಾರಿಂದಲೂ ಆಗದು. ಸಿಗಡಿ ಬೇಡ, ಫಿಶ್ ಕೇಕ್ ಬೇಡ ಎಂದ ಮಾತ್ರಕ್ಕೆ ಬಟ್ಟಲು ಸಸ್ಯಾಹಾರವಾಗುವುದಿಲ್ಲ. ಬೆಲಾಚಾನ್ ಮತ್ತು ಒಣ ಸಿಗಡಿ ಮಸಾಲೆಯಲ್ಲೇ ಕರಗಿವೆ, ಸಂಬಲ್‌ನಲ್ಲಿಯೂ ಅವೇ ಇರುತ್ತವೆ. ಅಂಗಡಿಯವರು "ನೋ ಮೀಟ್" ಎಂದು ಪ್ರಾಮಾಣಿಕವಾಗಿಯೇ ಉತ್ತರಿಸಬಹುದು, ಏಕೆಂದರೆ ಅವರ ಲೆಕ್ಕದಲ್ಲಿ ಬೆಲಾಚಾನ್ ಮಾಂಸವಲ್ಲ, ಉಪ್ಪು-ಹುಳಿಯಂತೆ ರುಚಿಗೆ ಹಾಕುವ ವಸ್ತು. ಆದ್ದರಿಂದ ಮಾಂಸ ಇದೆಯೇ ಎಂದು ಕೇಳುವ ಬದಲು ಬೆಲಾಚಾನ್ ಇದೆಯೇ, ಒಣ ಸಿಗಡಿ ಇದೆಯೇ ಎಂದು ಹೆಸರು ಹಿಡಿದು ಕೇಳಿ.

ಸಿಗಡಿ, ಚಿಪ್ಪುಜೀವಿಗಳ ಅಲರ್ಜಿ ಇರುವವರು ಇನ್ನೂ ಎಚ್ಚರಿಕೆಯಿಂದಿರಬೇಕು. ಬಟ್ಟಲು ಜೋಡಿಸುವ ಕ್ರಮವನ್ನು ಗಮನಿಸಿದರೆ ಕಾರಣ ಸ್ಪಷ್ಟವಾಗುತ್ತದೆ. ನೂಡಲ್ಸಿನ ಮೇಲೆ ಬಿಸಿ ಸಾರು ಸುರಿದು, ಅದನ್ನು ಮತ್ತೆ ಪಾತ್ರೆಗೇ ಬಸಿದು, ಮತ್ತೆ ಸುರಿಯುತ್ತಾರೆ. ಹೀಗೆ ಹಲವು ಸಲ ಮಾಡಿದಾಗ ನೂಡಲ್ಸ್ ಒಳಗಿನವರೆಗೂ ಬಿಸಿಯಾಗಿ ಮಸಾಲೆ ಹೀರಿಕೊಳ್ಳುತ್ತದೆ. ರುಚಿಯ ದೃಷ್ಟಿಯಿಂದ ಇದು ಒಳ್ಳೆಯ ಕೈಚಳಕ. ಆದರೆ ಎಲ್ಲ ಬಟ್ಟಲುಗಳನ್ನೂ ತೊಳೆದು ಬಂದ ಸಾರೇ ಪಾತ್ರೆಯಲ್ಲಿರುವುದರಿಂದ ಅಲರ್ಜಿ ಇರುವವರು ಸಾಮಾನ್ಯ ಲಕ್ಸಾ ಅಂಗಡಿಯಲ್ಲಿ ಯಾವ ರೂಪದಲ್ಲೂ ಲಕ್ಸಾ ತಿನ್ನಬಾರದು.

ಹಂದಿ, ದನದ ಮಾಂಸ ತಿನ್ನದವರ ಪ್ರಶ್ನೆಯೂ ಬರುತ್ತದೆ. ಲಕ್ಸಾದ ಮೇಲೆ ಇವೆರಡನ್ನೂ ಹಾಕುವ ಪದ್ಧತಿ ಸಾಮಾನ್ಯವಾಗಿಲ್ಲ. ಆದರೆ ಮೂಳೆಯ ಸಾರು ಬಳಸುವ ಅಂಗಡಿಗಳಲ್ಲಿ ಅದು ಯಾವುದರ ಮೂಳೆ ಎಂದು ಕೇಳಬೇಕು. ಹಲಾಲ್ ಪ್ರಮಾಣಪತ್ರ ತೂಗುಹಾಕಿದ ಅಂಗಡಿಯಲ್ಲಿ ಹಂದಿಯ ಅಂಶ ಇರುವುದಿಲ್ಲ.

ಹಂತ 5: ಸಸ್ಯಾಹಾರಿಗಳಾದರೆ ಬೇರೆ ಅಂಗಡಿಗೇ ಹೋಗಿ

ಸಸ್ಯಾಹಾರಿಗಳು ನಿರಾಶರಾಗಬೇಕಿಲ್ಲ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು ಅನೇಕ ಹಾಕರ್ ಸೆಂಟರ್‌ಗಳಲ್ಲಿವೆ, ಅವುಗಳಲ್ಲಿ ಕೆಲವು ಸಸ್ಯಾಹಾರಿ ಲಕ್ಸಾ ಮಾಡುತ್ತವೆ. ಬುಗಿಸ್ ಬಳಿ ಮಿಡ್ಲ್ ರಸ್ತೆಯ ಫಾರ್ಚೂನ್ ಸೆಂಟರ್ ಕಟ್ಟಡದಲ್ಲಿ ಇಂತಹ ಹೋಟೆಲುಗಳು ಹಲವಾರಿವೆ. ಪಕ್ಕದ ವಾಟರ್ಲೂ ಬೀದಿಯಲ್ಲಿ ಕ್ವಾನ್ ಇಮ್ ದೇವಾಲಯವೂ ಅದರ ನೆರೆಯಲ್ಲೇ ಶ್ರೀಕೃಷ್ಣನ್ ದೇವಾಲಯವೂ ಇರುವುದರಿಂದ ದರ್ಶನಕ್ಕೆ ಹೋದವರು ಊಟವನ್ನೂ ಇಲ್ಲೇ ಮುಗಿಸಬಹುದು. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನಗಳಂದು, ಅಂದರೆ ಸ್ಥೂಲವಾಗಿ ನಮ್ಮ ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ, ವ್ರತ ಹಿಡಿದ ಬೌದ್ಧರಿಂದ ಇಲ್ಲಿ ಜನದಟ್ಟಣೆ ಹೆಚ್ಚು.

ಈ ಅಂಗಡಿಗಳಲ್ಲಿ ಬೆಲಾಚಾನ್ ಬದಲಿಗೆ ಹುದುಗಿಸಿದ ಸೋಯಾ, ಒಣ ಅಣಬೆ ಮುಂತಾದವುಗಳಿಂದ ರುಚಿ ತರುತ್ತಾರೆ. ಬೌದ್ಧ ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಯಂತಹ ಐದು ಕಟುವಾಸನೆಯ ತರಕಾರಿಗಳು ವರ್ಜ್ಯವಾದ್ದರಿಂದ, ಅವನ್ನು ತಿನ್ನದ ನಮ್ಮ ಜೈನ ಓದುಗರಿಗೂ ಮಾಧ್ವ ಮನೆಗಳ ಹಿರಿಯರಿಗೂ ಇದು ಅನುಕೂಲ. ಆದರೂ ಪ್ರತಿ ಅಂಗಡಿಯಲ್ಲಿ ವಿಚಾರಿಸುವುದು ತಪ್ಪಬಾರದು, ಎಲ್ಲರೂ ಈ ನಿಯಮ ಪಾಲಿಸುವುದಿಲ್ಲ. ಗೆಡ್ಡೆಗಳನ್ನೂ ತಿನ್ನದವರು ಅರಿಸಿನ, ಗಲಾಂಗಲ್ ಎರಡೂ ಗೆಡ್ಡೆಗಳೆಂಬುದನ್ನು ಗಮನದಲ್ಲಿಡಬೇಕು. ತಟ್ಟೆಯಲ್ಲಿ ಸಿಗಡಿಯನ್ನೋ ಮೀನನ್ನೋ ಹೋಲುವ ತುಂಡುಗಳು ಕಂಡರೆ ಗಾಬರಿಯಾಗಬೇಡಿ. ಅವು ಸೋಯಾ ಅಥವಾ ಗೆಡ್ಡೆಯ ಪಿಷ್ಟದಿಂದ ಮಾಡಿದ ಅನುಕರಣೆಗಳು. ಆದರೆ ಅವುಗಳಲ್ಲಿ ಮೊಟ್ಟೆ ಬೆರೆತಿರಬಹುದು, ಮತ್ತು ಅಲ್ಲಿ ಹಲವರ ಎಣಿಕೆಯಲ್ಲಿ ಮೊಟ್ಟೆ ಸಸ್ಯಾಹಾರವೇ. "ನೋ ಎಗ್" ಎಂಬುದನ್ನು ಬೇರೆಯಾಗಿ ಹೇಳಲೇಬೇಕು.

ಹಂತ 6: ತಿನ್ನುವ ಕ್ರಮ

ಬಟ್ಟಲು ಬಂದ ಕೂಡಲೇ ಎಲ್ಲವನ್ನೂ ಕಲಸಬೇಡಿ. ಮೊದಲು ಸಂಬಲ್ ಮುಟ್ಟದ ಕಡೆಯಿಂದ ಒಂದು ಚಮಚ ಸಾರನ್ನು ಮಾತ್ರ ಕುಡಿಯಿರಿ. ತೆಂಗಿನಹಾಲಿನ ಸಿಹಿ, ಒಣ ಸಿಗಡಿಯ ಆಳವಾದ ಉಪ್ಪುರುಚಿ, ಹುರಿದ ಮಸಾಲೆ ಇವು ಬೇರೆ ಬೇರೆಯಾಗಿ ತಿಳಿಯುವುದು ಆಗಲೇ. ನಂತರ ಸಂಬಲನ್ನು ಸ್ವಲ್ಪ ಸ್ವಲ್ಪವೇ ಕದಡಿಕೊಳ್ಳಿ. ಊರಿನ ಮೆಣಸಿನಕಾಯಿಗೆ ಒಗ್ಗಿದ ನಾಲಿಗೆಗೆ ಇದು ಭಾರೀ ಖಾರವೆನಿಸದು. ಆದರೆ ಹೆಚ್ಚು ಕದಡಿದರೆ ಸಾರಿನ ಸೂಕ್ಷ್ಮ ರುಚಿಗಳು ಅದರಡಿ ಮುಳುಗಿಹೋಗುತ್ತವೆ. ಸಾರು ಹೀರಿಕೊಂಡ ತಾವ್ ಪೊಕ್ ಒಳಗೆ ಬಹಳ ಬಿಸಿಯಾಗಿರುತ್ತದೆ, ಒಮ್ಮೆಲೇ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುತ್ತದೆ. ಮಕ್ಕಳಿಗೆ ಕೊಡುವ ಮುನ್ನ ಅದನ್ನು ಎರಡು ಹೋಳು ಮಾಡಿ ಆರಿಸಿ. ತಡಮಾಡಿದಷ್ಟೂ ಅಕ್ಕಿಯ ನೂಡಲ್ಸ್ ಊದಿಕೊಂಡು ಮೆತ್ತಗಾಗುವುದರಿಂದ ಛಾಯಾಚಿತ್ರಕ್ಕೆ ಹೆಚ್ಚು ಹೊತ್ತು ಕೊಡಬೇಡಿ.

ಕುಡಿಯುವುದನ್ನು ಪಾನೀಯಗಳ ಅಂಗಡಿಯಿಂದ ಪ್ರತ್ಯೇಕವಾಗಿ ಕೊಳ್ಳಬೇಕು. ಈ ಖಾರಕ್ಕೆ ಕಬ್ಬಿನ ಹಾಲು ಚೆನ್ನಾಗಿ ಹೊಂದುತ್ತದೆ. ಕಾಫಿ ಬೇಕಾದರೆ, ಬರೀ ಕೋಪಿ ಎಂದರೆ ಸಿಹಿ ಗಟ್ಟಿಹಾಲು ಹಾಕಿದ್ದು, ಕೋಪಿ-ಓ ಎಂದರೆ ಸಕ್ಕರೆ ಹಾಕಿದ ಹಾಲಿಲ್ಲದ ಕಾಫಿ. ಕೊನೆಗೆ ಕೊಸೊಂಗ್ ಎಂದು ಸೇರಿಸಿದರೆ ಸಕ್ಕರೆ ಇಲ್ಲದ್ದು ಎಂದರ್ಥ.

ಹಂತ 7: ತಟ್ಟೆ ಹಿಂದಿರುಗಿಸುವುದು

ತಿಂದು ಎದ್ದು ಹೋಗುವಂತಿಲ್ಲ. ಬಟ್ಟಲು, ಚಮಚ, ಬಳಸಿದ ಟಿಶ್ಯೂ ಎಲ್ಲವನ್ನೂ ತಟ್ಟೆಯಲ್ಲಿಟ್ಟು, ಅದಕ್ಕೆಂದೇ ಇರುವ ಕಪಾಟಿಗೆ ಒಯ್ದಿಡಬೇಕು. 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರ್‌ಗಳಲ್ಲಿ ಇದನ್ನು ಕಾನೂನಿನಂತೆ ಜಾರಿಗೊಳಿಸಲಾಗಿದ್ದು, ಮೊದಲ ಸಲ ಎಚ್ಚರಿಕೆ ನೀಡಿದರೂ ತಪ್ಪು ಮರುಕಳಿಸಿದರೆ ದಂಡ ವಿಧಿಸುತ್ತಾರೆ. ಹಲಾಲ್ ಮತ್ತು ಇತರ ತಟ್ಟೆಗಳಿಗೆ ಪ್ರತ್ಯೇಕ ಕಪಾಟುಗಳಿರುತ್ತವೆ. ಫಲಕ ನೋಡದೆ ಒಂದರದನ್ನು ಇನ್ನೊಂದರಲ್ಲಿ ಇಡುವುದು ಆ ನಿಯಮ ಪಾಲಿಸುವವರ ನಂಬಿಕೆಗೆ ನೋವುಂಟುಮಾಡುತ್ತದೆ, ಇದನ್ನು ಮರೆಯಬಾರದು.

ಕಟ್ಟಿಸಿಕೊಂಡು ಹೋಗುವವರಿಗೆ

ಪಾರ್ಸೆಲ್‌ಗೆ ಅಲ್ಲಿ ತಪಾವ್ ಎನ್ನುತ್ತಾರೆ. ನೂಡಲ್ಸನ್ನೂ ಸಾರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಕೊಡಲು ಕೇಳಿ, ಇಲ್ಲವಾದರೆ ಮನೆ ತಲುಪುವಷ್ಟರಲ್ಲಿ ನೂಡಲ್ಸ್ ಸಾರನ್ನೆಲ್ಲ ಕುಡಿದು ಮುದ್ದೆಯಾಗಿರುತ್ತದೆ. ಸಿಂಗಪುರದ ಸೆಕೆಯಲ್ಲಿ ತೆಂಗಿನಹಾಲಿನ ಸಾರು ಬೇಗ ಹಳಸುವುದರಿಂದ ಎರಡು ಗಂಟೆಯೊಳಗೆ ತಿನ್ನಬೇಕು ಅಥವಾ ಫ್ರಿಜ್‌ನಲ್ಲಿಡಬೇಕು. ಮತ್ತೆ ಬಿಸಿಮಾಡುವಾಗ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಹೊಗೆಯಾಡುವಷ್ಟು ಚೆನ್ನಾಗಿ ಕಾಯಿಸಿ. ಹಮ್ ಹಾಕಿಸಿಕೊಂಡ ಲಕ್ಸಾವನ್ನು ಮರುದಿನಕ್ಕೆ ಇಡಲೇಬೇಡಿ.

ಊರಿಗೆ ಮರಳುವಾಗ ಸಿದ್ಧ ಲಕ್ಸಾ ಮಸಾಲೆಯ ಪೊಟ್ಟಣ ಕೊಳ್ಳುವವರು ಅದರ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಿ, ಬಹುತೇಕ ಎಲ್ಲದರಲ್ಲೂ ಸಿಗಡಿ ಇರುತ್ತದೆ. ಮುದ್ದೆಯಂತಿರುವ ಮಸಾಲೆಯನ್ನು ವಿಮಾನದ ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೇ ಸೇರಿಸುವುದರಿಂದ 100 ಮಿಲಿಲೀಟರಿಗಿಂತ ದೊಡ್ಡ ಪೊಟ್ಟಣಗಳನ್ನು ಕೈಚೀಲದಲ್ಲಿಡದೆ ಚೆಕ್-ಇನ್ ಪೆಟ್ಟಿಗೆಯಲ್ಲಿಡಿ, ಎಣ್ಣೆ ಸೋರದಂತೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಸುತ್ತಿ. ಮನೆಯಲ್ಲಿ ಮಾಡುವಾಗ ತಾಜಾ ಕಾಯಿ ತುರಿದು ತೆಗೆದ ಹಾಲನ್ನೇ ಬಳಸಿ. ಎರಡನೆಯ ತೆಳು ಹಾಲಿನಲ್ಲಿ ಮಸಾಲೆಯನ್ನು ಕುದಿಸಿ, ಮೊದಲ ಗಟ್ಟಿ ಹಾಲನ್ನು ಒಲೆಯಿಂದ ಇಳಿಸುವ ಮುನ್ನವಷ್ಟೇ ಸೇರಿಸಿದರೆ ಸಾರು ಒಡೆಯುವುದಿಲ್ಲ.